‘ದಿ ಜ್ಯುವೆಲ್ ಆಫ್ ದಿ ನೈಲ್’: ಹೋದವರು, ಬಂದವರು ಮತ್ತು ಕರ್ತೃತ್ವದ ಪ್ರಶ್ನೆ

1984ರ ‘ರೊಮ್ಯಾನ್ಸಿಂಗ್ ದಿ ಸ್ಟೋನ್’ ಗೆದ್ದ ಮರುವರ್ಷವೇ ತೆರೆಕಂಡ ಈ ಉತ್ತರಭಾಗ ಮೊದಲ ಚಿತ್ರದ ಮಟ್ಟಕ್ಕೆ ಏರಲಿಲ್ಲ ಎಂಬುದರಲ್ಲಿ ಹೆಚ್ಚಿನ ತಕರಾರಿಲ್ಲ. ಮೈಕೆಲ್ ಡಗ್ಲಸ್, ಕ್ಯಾಥ್ಲೀನ್ ಟರ್ನರ್, ಡ್ಯಾನಿ ಡಿವಿಟೊ ಮೂವರೂ ಮರಳಿದರು. ತೆರೆಯ ಹಿಂದಿನ ಪ್ರಮುಖರು ಮಾತ್ರ ಬದಲಾದರು: ರಾಬರ್ಟ್ ಝೆಮೆಕಿಸ್ ಬದಲಿಗೆ ನಿರ್ದೇಶಕ ಲೂಯಿಸ್ ಟೀಗ್, ಅಲನ್ ಸಿಲ್ವೆಸ್ಟ್ರಿ ಬದಲಿಗೆ ಸಂಗೀತಕ್ಕೆ ಜಾಕ್ ನಿಟ್ಶೆ, ಡಯೇನ್ ಥಾಮಸ್ ಬದಲಿಗೆ ಚಿತ್ರಕಥೆಗೆ ಮಾರ್ಕ್ ರೋಸೆಂತಾಲ್ ಮತ್ತು ಲಾರೆನ್ಸ್ ಕಾನರ್. ಚಿತ್ರ ಕಳೆಗುಂದಿದ್ದು ಇದರಿಂದಲೇ ಎಂಬುದು ರೂಢಿಯ ವಿವರಣೆ.

ಈ ವಿವರಣೆ ಹೋದವರನ್ನು ಎಣಿಸುತ್ತದೆ, ಬಂದವರನ್ನು ನೋಡುವುದಿಲ್ಲ. ತಾರಾಗಣದ ಪಟ್ಟಿಯ ಕೆಳಸಾಲುಗಳನ್ನು ಓದಿದರೆ ಬೇರೆಯೇ ಸಂಗತಿ ಕಾಣುತ್ತದೆ. ಶೀರ್ಷಿಕೆಯ ‘ರತ್ನ’ ಕಲ್ಲಲ್ಲ, ಒಬ್ಬ ಸಂತ. ಆ ಪಾತ್ರ ಮಾಡಿದ ಅವ್ನರ್ ಐಸೆನ್‌ಬರ್ಗ್ ಮಾತಿಲ್ಲದ ರಂಗಪ್ರದರ್ಶನಗಳಿಗೆ ಹೆಸರಾದ ವಿದೂಷಕ. ಸಂತನ ಬೆಂಬಲಿಗರಾದ ಸೂಫಿಗಳಾಗಿ ಬಂದವರು ‘ಫ್ಲೈಯಿಂಗ್ ಕರಮಝೋವ್ ಬ್ರದರ್ಸ್’ ಎಂಬ ಜಗ್ಲಿಂಗ್ ತಂಡದವರು.

ಇದನ್ನು ಎರಡೂ ಚಿತ್ರಗಳ ಆರಂಭದೊಡನೆ ಇಟ್ಟು ನೋಡಬೇಕು. ಮೊದಲನೆಯದರಲ್ಲಿ ಲೇಖಕಿ-ನಾಯಕಿ ಜೋನ್ ವೈಲ್ಡರಳ ಕಾದಂಬರಿಯ ಕೌಬಾಯ್ ದೃಶ್ಯ ಮುಗಿಯುತ್ತಿದ್ದಂತೆ, ಟೈಪ್‌ರೈಟರ್ ಮುಂದೆ ಅವಳೇ ಅಳುತ್ತಾ ಕೂತಿರುತ್ತಾಳೆ. ತಾನು ಬರೆಯುವಂಥ ಕತೆಯೊಳಗೇ ಅವಳು ಬೀಳುವುದರಲ್ಲಿ ನಗೆ ಹುಟ್ಟುತ್ತದೆ. ಎರಡನೆಯದೂ ಕಾದಂಬರಿಯ ದೃಶ್ಯದಿಂದಲೇ, ಕಡಲ್ಗಳ್ಳರಿಂದ, ಶುರುವಾಗುತ್ತದೆ. ಆದರೆ ಬರವಣಿಗೆ ಅಲ್ಲೇ ಕೈಕೊಡುತ್ತದೆ. ಮುಂದೆ ನಗಿಸುವುದು ದೇಹ ಮತ್ತು ಯಂತ್ರ. ಹಾರಬೇಕಾದ ಯುದ್ಧವಿಮಾನ ನೆಲ ಬಿಡದೆ ಊರಿನ ಬೀದಿಗಳಲ್ಲಿ ಉರುಳುತ್ತದೆ, ಸಂತ ಬೆಂಕಿಯಲ್ಲಿ ನಡೆದುಬರುತ್ತಾನೆ. ಹಾಗಾಗಿ, ಲೇಖಕಿ ತೆರವು ಮಾಡಿದ ಜಾಗವನ್ನು ಇಲ್ಲಿ ಸರ್ಕಸ್ ಪರಂಪರೆಯ ನಟವರ್ಗ ತುಂಬಿತು ಎನ್ನಬಹುದೇನೋ.

‘ಬಹುದೇನೋ’ ಎಂದದ್ದಕ್ಕೆ ಕಾರಣಗಳಿವೆ. ಎರಡೂ ಚಿತ್ರಗಳಿಗೆ ಡಗ್ಲಸ್ ನಿರ್ಮಾಪಕ. ಆ ಎಳೆ ಕಡಿಯಲಿಲ್ಲ. ಚಿತ್ರಕಥೆ ಒಪ್ಪದೆ ಟರ್ನರ್ ಹಿಂದೆ ಸರಿಯಲು ನೋಡಿದಾಗ ಟ್ವೆಂಟಿಯತ್ ಸೆಂಚುರಿ ಫಾಕ್ಸ್ 2.5 ಕೋಟಿ ಡಾಲರ್ ದಾವೆಯ ಬೆದರಿಕೆ ಹಾಕಿತ್ತು. ಆಮೇಲೆ ಚಿತ್ರಕಥೆ ತಿದ್ದುಪಡಿಯಾಯಿತು. ಇನ್ನು ತಂಡದ ನಷ್ಟವೆಲ್ಲ ಯಾರದೋ ಆಯ್ಕೆಯೂ ಅಲ್ಲ. ಕಲಾ ವಿನ್ಯಾಸಕ ರಿಚರ್ಡ್ ಡಾಕಿಂಗ್, ನಿರ್ಮಾಣ ವ್ಯವಸ್ಥಾಪಕ ಬ್ರಯಾನ್ ಕೋಟ್ಸ್ ಮೊರಾಕ್ಕೊದಲ್ಲಿ ಚಿತ್ರೀಕರಣದ ಜಾಗ ಹುಡುಕುವಾಗ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಥಾಮಸ್ 1985ರ ಅಕ್ಟೋಬರ್‌ನಲ್ಲಿ, ಚಿತ್ರದ ಬಿಡುಗಡೆಗೆ ಮುನ್ನ, ಕಾರು ಅಪಘಾತದಲ್ಲಿ ಮಡಿದರು. ಚಿತ್ರ ಈ ಮೂವರಿಗೂ ಅರ್ಪಿತ.

ವಿದೂಷಕ ಸಂತ ಮೊದಲ ಕರಡಿನಲ್ಲೇ ಇದ್ದನೋ, ಐಸೆನ್‌ಬರ್ಗ್ ಆಯ್ಕೆಯಾದ ಮೇಲೆ ಹಾಗೆ ರೂಪುಗೊಂಡನೋ ಎಂಬುದು ಕರಡುಗಳನ್ನೂ ಚಿತ್ರೀಕರಣದ ಪ್ರತಿಯನ್ನೂ ಹೋಲಿಸಿದಾಗಲಷ್ಟೇ ತೀರ್ಮಾನವಾದೀತು.