ಶಾಲೆ ಯಾರದು? ಊರಿನದೋ, ಸಂಘದ್ದೋ, ಸರ್ಕಾರದ್ದೋ

ಮೇ ತಿಂಗಳ ಕೊನೆಗೆ ಶಾಲೆಗಳ ಬಾಗಿಲು ತೆರೆಯುವ ಹೊತ್ತಿಗೆ ಹಾಸನ ಸೀಮೆಯ ಹಳ್ಳಿಗಳ ಜಗಲಿಗಳಲ್ಲಿ ಒಂದೇ ಚರ್ಚೆ. ಮಗುವನ್ನು ಊರಿನ ಸರ್ಕಾರಿ ಶಾಲೆಗೆ ಸೇರಿಸುವುದೋ, ಪೇಟೆಯಿಂದ ಬರುವ ಹಳದಿ ವ್ಯಾನು ಹತ್ತಿಸುವುದೋ? ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕೂ ಪೇಟೆಗಳ ಸುತ್ತ ಬೆಳಗಿನ ಹೊತ್ತು ಇಂಥ ವ್ಯಾನುಗಳ ಓಡಾಟ ಜೋರಾಗಿಯೇ ಇರುತ್ತದೆ. ಆಲೂಗೆಡ್ಡೆ, ತೆಂಗು, ಹೊಗೆಸೊಪ್ಪು, ಶುಂಠಿಯಿಂದ ಬಂದ ದುಡ್ಡಿನಲ್ಲಿ ಒಂದು ಪಾಲು ನೇರವಾಗಿ ಶಾಲೆಯ ಫೀಜಿಗೆ ಹೋಗುತ್ತದೆ. ವ್ಯಾನು ಹಾದುಹೋಗುವ ದಾರಿಯಲ್ಲೇ ಹೆಂಚು ಹೊದಿಸಿದ ಸರ್ಕಾರಿ ಶಾಲೆ, ಮಕ್ಕಳ ಸಂಖ್ಯೆ ಎಷ್ಟಕ್ಕೆ ಇಳಿದೀತು ಎಂಬ ಅಳುಕಿನಲ್ಲಿ ನಿಂತಿರುತ್ತದೆ.

ಇದು ಇಂಗ್ಲಿಷ್ ವ್ಯಾಮೋಹದಿಂದ ಹುಟ್ಟಿದ ಹೊಸ ಜಗಳ ಎಂದು ಬಹಳ ಮಂದಿ ತಿಳಿದಿದ್ದಾರೆ. ಆದರೆ ಶಾಲೆಗೆ ಹಣ ಕೊಡುವವರು ಯಾರು, ಅದನ್ನು ನಡೆಸುವವರು ಯಾರು, ಅದರ ಬಾಗಿಲು ಯಾರಿಗೆ ತೆರೆದಿರಬೇಕು ಎಂಬ ವಾದಕ್ಕೆ ಹಳೆಯ ಮೈಸೂರು ಸೀಮೆಯಲ್ಲಿ ಒಂದೂವರೆ ಶತಮಾನದ ವಯಸ್ಸಾಗಿದೆ.

ಇದೇ ಬಗೆಯ ವಾದ ಅಮೆರಿಕದಲ್ಲೂ ನಡೆದಿದೆ. ಅಲ್ಲಿ ಆಯಾ ಜಿಲ್ಲೆಯ ಶಾಲಾ ಮಂಡಳಿ ನಡೆಸುವ ಸಾರ್ವಜನಿಕ ಶಾಲೆಗಳೇ ಹೆಚ್ಚು. 1991ರಲ್ಲಿ ಮಿನ್ನೆಸೋಟ ರಾಜ್ಯ ಒಂದು ಕಾನೂನು ಮಾಡಿ ‘ಚಾರ್ಟರ್ ಶಾಲೆ’ ಎಂಬ ಹೊಸ ಬಗೆಗೆ ದಾರಿ ಮಾಡಿಕೊಟ್ಟಿತು. ಮರುವರ್ಷ ಸೇಂಟ್ ಪಾಲ್ ನಗರದಲ್ಲಿ ಮೊದಲ ಶಾಲೆ ಶುರುವಾಯಿತು. ಹಣ ಸಾರ್ವಜನಿಕರದ್ದು, ಆಡಳಿತ ಸ್ವತಂತ್ರ ಮಂಡಳಿಯದ್ದು; ಮಕ್ಕಳಿಂದ ಫೀಜು ಪಡೆಯುವಂತಿಲ್ಲ. ಒಪ್ಪಂದಕ್ಕೆ ಇಷ್ಟು ವರ್ಷ ಎಂಬ ಅವಧಿ ಇರುತ್ತದೆ, ಶಾಲೆ ಸರಿಯಾಗಿ ನಡೆಯದಿದ್ದರೆ ಒಪ್ಪಂದವೇ ರದ್ದಾಗಬಹುದು. ಜಿಲ್ಲಾ ಶಾಲೆಗಳ ಮಕ್ಕಳನ್ನೂ ಹಣವನ್ನೂ ಇವು ಸೆಳೆದುಕೊಳ್ಳುತ್ತವೆ ಎಂಬುದು ವಿರೋಧಿಗಳ ದೂರು. ಪೋಷಕರಿಗೆ ಆಯ್ಕೆ ಬೇಡವೇ ಎಂಬುದು ಪರವಾದಿಗಳ ಪ್ರಶ್ನೆ. ಸರ್ಕಾರದ ಹಣದಲ್ಲಿ ಬೇರೆಯವರು ಶಾಲೆ ನಡೆಸುವುದೆಂದರೆ ನಮ್ಮ ಓದುಗರಿಗೆ ಆಶ್ಚರ್ಯವಾಗಲಾರದು. ‘ಅನುದಾನಿತ ಶಾಲೆ’ ಎಂಬ ಹೆಸರಿನಲ್ಲಿ ಅದು ನಮ್ಮಲ್ಲಿ ಅಜ್ಜಂದಿರ ಕಾಲದಿಂದ ಇದೆ.

ಐಗಳ ಮಠದಿಂದ ಹೋಬಳಿ ಶಾಲೆಗೆ

ಸರ್ಕಾರ ಕಾಲಿಡುವ ಮುಂಚೆ ಹಳ್ಳಿಗಳಲ್ಲಿದ್ದದ್ದು ಕೂಲಿಮಠ. ದೇವಸ್ಥಾನದ ಅಂಗಳದಲ್ಲೋ ಯಾರದೋ ಮನೆಯ ಜಗಲಿಯಲ್ಲೋ ಐಗಳು ಹುಡುಗರನ್ನು ಕೂರಿಸಿ, ಮರಳಿನ ಮೇಲೆ ಅಕ್ಷರ ತಿದ್ದಿಸಿ, ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದರು. ಅವರ ಸಂಬಳ ದವಸ, ಹಬ್ಬದ ದಿನದ ಕಾಣಿಕೆ, ಒಂದಿಷ್ಟು ಕಾಸು. ತಪ್ಪಿದ ಹುಡುಗನಿಗೆ ತೊಲೆಗೆ ಕಟ್ಟಿದ ಹಗ್ಗದ ಕೋದಂಡ. ಈ ಮಠವನ್ನು ನಡೆಸಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಪೋಷಕರು ಕೊಡುವುದನ್ನು ನಿಲ್ಲಿಸಿದರೆ ಮಠವೂ ನಿಲ್ಲುತ್ತಿತ್ತು. ಈಗಿನ ಮಾತಿನಲ್ಲಿ ಹೇಳುವುದಾದರೆ ಅಪ್ಪಟ ಖಾಸಗಿ ಶಾಲೆ.

1854ರಲ್ಲಿ ಕಂಪನಿ ಸರ್ಕಾರದ ಆಡಳಿತಗಾರರು ಲಂಡನ್ನಿನಿಂದ ಕಳಿಸಿದ, ಚಾರ್ಲ್ಸ್ ವುಡ್ ಹೆಸರಿನ ಶಿಕ್ಷಣ ಸುತ್ತೋಲೆ ಖಾಸಗಿಯವರು ನಡೆಸುವ ಶಾಲೆಗಳಿಗೂ ಸರ್ಕಾರ ಸಹಾಯಧನ ಕೊಡಬೇಕೆಂದಿತು. ಎಲ್ಲ ಕಡೆಯೂ ತಾನೇ ಶಾಲೆ ತೆರೆಯುವಷ್ಟು ಹಣ ಸರ್ಕಾರದ ಬಳಿ ಇರಲಿಲ್ಲ ಎಂಬುದು ಇದರ ಹಿಂದಿನ ಸರಳ ಸತ್ಯ. ಆಗ ಮೈಸೂರು ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. 1857ರಲ್ಲಿ ಇಲ್ಲಿ ವಿದ್ಯಾ ಇಲಾಖೆ ಹುಟ್ಟಿತು. ವೆಸ್ಲಿಯನ್ ಮಿಷನ್ನಿನ ಶಾಲೆಗಳಿಗೆ ಸರ್ಕಾರದ ನೆರವು ಸಂದಿತು. ಬೇರೆಯವರ ಆಡಳಿತಕ್ಕೆ ಬೊಕ್ಕಸದ ಹಣ ಎಂಬ ಪದ್ಧತಿ ಹೀಗೆ ಬೇರೂರಿತು.

ಆದರೆ ಹಳ್ಳಿಗೆ ಮುಟ್ಟಿದ್ದು 1868ರ ಹೋಬಳಿ ಶಾಲೆಗಳ ಯೋಜನೆ. ಇದರ ಹಿಂದೆ ಇದ್ದವರು ಬಿ.ಎಲ್. ರೈಸ್. ಶ್ರವಣಬೆಳಗೊಳದ ಶಾಸನಗಳನ್ನು ಪ್ರಕಟಿಸಿದ ಶಾಸನತಜ್ಞ ರೈಸ್ ಎಂದೇ ನಮಗೆ ಅವರ ಪರಿಚಯ. ಅವರ ಹೊಟ್ಟೆಪಾಡಿನ ಕೆಲಸ ವಿದ್ಯಾ ಇಲಾಖೆಯದು ಎಂಬುದನ್ನು ನಾವು ಮರೆಯುವುದೇ ಹೆಚ್ಚು. ಹೋಬಳಿಗೊಂದು ಶಾಲೆ ಎಂಬುದು ಅವರ ಲೆಕ್ಕಾಚಾರ. ದುದ್ದ, ಹಳ್ಳಿಮೈಸೂರು, ಕೊಣನೂರು, ನುಗ್ಗೇಹಳ್ಳಿಯಂಥ ಹೋಬಳಿ ಊರುಗಳನ್ನು ನೆನೆದುಕೊಂಡರೆ ಯೋಜನೆಯ ಹರವು ಅರ್ಥವಾದೀತು. ಊರಿನವರು ಕಟ್ಟಡ ಒದಗಿಸಬೇಕು. ಸರ್ಕಾರ ಮೇಷ್ಟರಿಗೆ ತರಬೇತಿ ಕೊಟ್ಟು ಸಂಬಳ ಕೊಡಬೇಕು. ಸಾಧ್ಯವಾದ ಕಡೆ ಕೂಲಿಮಠದ ಐಗಳನ್ನೇ ತರಬೇತಿಗೊಳಿಸಿ ಹೊಸ ಶಾಲೆಯ ಮೇಷ್ಟರನ್ನಾಗಿ ಮಾಡಿಕೊಳ್ಳುವುದು. ರೈತರು ಕೊಡುವ ಕಂದಾಯದ ಜೊತೆಗೆ ವಿದ್ಯೆಗೆಂದು ಸಣ್ಣದೊಂದು ಸೆಸ್ಸನ್ನೂ ವಸೂಲಿ ಮಾಡಲಾಯಿತು.

ಹೀಗಾಗಿ ನಮ್ಮ ಸರ್ಕಾರಿ ಹಳ್ಳಿ ಶಾಲೆ ಹುಟ್ಟಿನಿಂದ ಪೂರ್ತಿ ಸರ್ಕಾರಿ ಅಲ್ಲ. ಜಾಗ, ಗೋಡೆ, ಹೆಂಚು ಊರಿನವು; ಮೇಷ್ಟರು ಸರ್ಕಾರದವರು. ಈ ಸಂಗತಿ ಇವತ್ತಿನ ಜಗಳಕ್ಕೂ ಸಂಬಂಧಪಟ್ಟದ್ದು.

ಬಾಗಿಲು ಯಾರಿಗೆ?

ಊರಿನವರೇ ಶಾಲೆ ಕಟ್ಟಿದರೆ ಅದು ಎಲ್ಲರ ಶಾಲೆ ಎಂದು ಈಗ ನಾವು ಭಾವುಕರಾಗಿ ಹೇಳಬಹುದು. ಅಂದಿನ ‘ಊರು’ ಎಂದರೆ ಯಾರು ಎಂದು ಕೇಳಿದರೆ ಆ ಮಾತು ನಿಲ್ಲುವುದಿಲ್ಲ. ಶಾಲೆ ದೇವಸ್ಥಾನದ ಪೌಳಿಯಲ್ಲಿ ನಡೆದರೆ ಹೊಲೆಯರ, ಮಾದಿಗರ ಮಕ್ಕಳು ಅಲ್ಲಿಗೆ ಕಾಲಿಡುವಂತಿರಲಿಲ್ಲ. ಅವರಿಗಾಗಿ ಬೇರೆ ಶಾಲೆಗಳಿದ್ದವು, ಅವೂ ಬೆರಳೆಣಿಕೆಯಷ್ಟು. ಮೈಸೂರು ಸಂಸ್ಥಾನದಲ್ಲಿ ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದ ಸಿ.ಆರ್. ರೆಡ್ಡಿ ಅವರು ಸರ್ಕಾರಿ ಶಾಲೆಗಳ ಬಾಗಿಲು ಎಲ್ಲ ಜಾತಿಯವರಿಗೂ ತೆರೆಯಬೇಕೆಂದು ಪಟ್ಟು ಹಿಡಿದರು. ಅದೇ ಕಾಲದಲ್ಲಿ, 1918ರಲ್ಲಿ, ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿ ನೇಮಕವಾಗಿ ಹಿಂದುಳಿದವರ ವಿದ್ಯೆ ಮತ್ತು ನೌಕರಿಯ ಪ್ರಶ್ನೆಯನ್ನು ಎತ್ತಿಕೊಂಡಿತು.

ಸರ್ಕಾರಿ ಶಾಲೆಯಾದರೆ ಒಂದು ಆಜ್ಞೆಯಿಂದ ಬಾಗಿಲು ತೆರೆಸಬಹುದು. ಊರ ಹಿರಿಯರೋ ಖಾಸಗಿ ಸಂಘವೋ ನಡೆಸುವ ಶಾಲೆಯಲ್ಲಿ ‘ಜಾಗವಿಲ್ಲ’ ಎಂಬ ಒಂದು ಮಾತು ಸಾಕು. ಸರ್ಕಾರಿ ಶಾಲೆಯ ಪರ ಯಾರು ಎಷ್ಟೇ ವಾದ ಹೂಡಲಿ, ನನಗೆ ಇದಕ್ಕಿಂತ ಗಟ್ಟಿಯಾದದ್ದು ಕಂಡಿಲ್ಲ.

ಈ ನಡುವೆ ಕಡ್ಡಾಯ ಶಿಕ್ಷಣದ ಮಾತೂ ಬಂದಿತ್ತು. ಗೋಪಾಲಕೃಷ್ಣ ಗೋಖಲೆಯವರು 1911ರಲ್ಲಿ ಮಂಡಿಸಿದ ಮಸೂದೆಯನ್ನು ಬ್ರಿಟಿಷರ ಶಾಸನಸಭೆ ತಳ್ಳಿಹಾಕಿತು. ಮೈಸೂರು ಸಂಸ್ಥಾನ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲೇ ಕಡ್ಡಾಯ ಶಿಕ್ಷಣದ ಕಾಯಿದೆ ಮಾಡಿತು, ಆಯ್ದ ಕೇಂದ್ರಗಳಿಗೆ ಮಾತ್ರ.

ಜಿಲ್ಲಾ ಬೋರ್ಡಿನ ಹನ್ನೊಂದು ವರ್ಷ

ಈ ಇತಿಹಾಸದಲ್ಲಿ ಹೆಚ್ಚು ಪಾಠವಿರುವುದು ನಾವು ಪೂರ್ತಿ ಮರೆತಿರುವ ಒಂದು ಅಧ್ಯಾಯದಲ್ಲಿ. 1930ರ ಪ್ರಾಥಮಿಕ ಶಿಕ್ಷಣ ಕಾಯಿದೆಯಂತೆ ಮೈಸೂರು ಸರ್ಕಾರ ಪ್ರಾಥಮಿಕ ಶಾಲೆಗಳನ್ನು ಸ್ಥಳೀಯ ಸಂಸ್ಥೆಗಳಿಗೆ, ಅಂದರೆ ಜಿಲ್ಲಾ ಬೋರ್ಡುಗಳಿಗೂ ದೊಡ್ಡ ನಗರಗಳ ಪುರಸಭೆಗಳಿಗೂ, ವಹಿಸಿಕೊಟ್ಟಿತು. ಬೆಂಗಳೂರಿನ ಕಚೇರಿಯಲ್ಲಿ ಕೂತವರಿಗಿಂತ ಜಿಲ್ಲೆಯವರೇ ಹಳ್ಳಿಯ ಅಗತ್ಯ ಬಲ್ಲರು ಎಂಬುದು ತರ್ಕ. ಅಮೆರಿಕದ ಜಿಲ್ಲಾ ಶಾಲಾ ಮಂಡಳಿಗೆ ನಮ್ಮಲ್ಲಿ ತೀರ ಹತ್ತಿರ ಬಂದ ವ್ಯವಸ್ಥೆ ಇದು.

ಅದು ಬಾಳಿದ್ದು ಹನ್ನೊಂದೇ ವರ್ಷ. ಜಗತ್ತಿನ ಮಾರುಕಟ್ಟೆ ಕುಸಿದು, ಧಾನ್ಯದ ಬೆಲೆ ಇಳಿದು, ರೈತ ಕಂದಾಯ ಕಟ್ಟಲೂ ತಿಣುಕುತ್ತಿದ್ದ ದಿನಗಳವು. ಅಂಥ ಕಾಲದಲ್ಲಿ ವಿದ್ಯೆಗೆಂದು ಹೆಚ್ಚಿನ ತೆರಿಗೆ ಎತ್ತುವ ಧೈರ್ಯ ಯಾವ ಬೋರ್ಡಿಗಿದ್ದೀತು? ಖರ್ಚಿಗೆ ಕೊನೆಗೂ ಸರ್ಕಾರದ ಕಡೆಗೇ ನೋಡಬೇಕಾಯಿತು. 1941ರಲ್ಲಿ ಹೊಸ ಕಾಯಿದೆ ತಂದು ಸರ್ಕಾರ ಶಾಲೆಗಳನ್ನು ವಾಪಸು ತೆಗೆದುಕೊಂಡಿತು. ಅಧಿಕಾರ ಕೊಟ್ಟು ಹಣ ಕೊಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದೊಂದು ಉದಾಹರಣೆ.

ಸಂಘಗಳ ಕಾಲ

ಪ್ರಾಥಮಿಕ ಶಾಲೆ ಸರ್ಕಾರದ ಪಾಲಾಯಿತು, ಮುಂದಿನ ಓದು? ಹೈಸ್ಕೂಲು ಇದ್ದದ್ದು ತಾಲ್ಲೂಕು ಕೇಂದ್ರದಲ್ಲಿ. ಫೀಜು ಕಟ್ಟಿದರೂ ಊಟ, ವಸತಿಗೆ ಏನು ಗತಿ? ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ, 2025ರಲ್ಲಿ ನಿಧನರಾದ ಕಾದಂಬರಿಕಾರ ಎಸ್.ಎಲ್. ಭೈರಪ್ಪನವರು ವಾರಾನ್ನ, ಭಿಕ್ಷಾನ್ನದ ಮೇಲೆ ಓದಿದ್ದನ್ನು ತಮ್ಮ ಆತ್ಮಕಥೆ ‘ಭಿತ್ತಿ’ಯಲ್ಲಿ ಬರೆದುಕೊಂಡಿದ್ದಾರೆ. ಜಾತಿ ಸಂಘಗಳು, ಮಠಗಳು, ದಾನಿಗಳು ಕೈಹಾಕಿದ್ದು ಈ ಜಾಗದಲ್ಲಿ. ಮೊದಲು ವಿದ್ಯಾರ್ಥಿನಿಲಯ, ಆಮೇಲೆ ಹೈಸ್ಕೂಲು, ಆಮೇಲೆ ಕಾಲೇಜು. ಸರ್ಕಾರ ಪೂರೈಸಲಾಗದ್ದನ್ನು ಇವರು ಪೂರೈಸಿದರು, ಸರ್ಕಾರ ಮೇಷ್ಟರ ಸಂಬಳ ಕೊಟ್ಟಿತು.

ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಇದಕ್ಕೆ ದೊಡ್ಡ ನಿದರ್ಶನ. 1960ರಲ್ಲಿ ಶುರುವಾದ ಈ ಕಾಲೇಜಿನಲ್ಲಿ ಕೇಂದ್ರ ಸರ್ಕಾರ, ರಾಜ್ಯ ಸರ್ಕಾರ ಮತ್ತು ಮಲೆನಾಡು ತಾಂತ್ರಿಕ ಶಿಕ್ಷಣ ಸಂಸ್ಥೆ ಮೂವರೂ ಪಾಲುದಾರರು. ಹಾಸನದ ಮಹಿಳಾ ಕಾಲೇಜು ಅರಕಲಗೂಡು ವರದರಾಜುಲು ಕಾಂತಮ್ಮ ಅವರ ಹೆಸರು ಹೊತ್ತಿದೆ. ಚನ್ನರಾಯಪಟ್ಟಣದಲ್ಲಿ ಆದಿಚುಂಚನಗಿರಿ ಮಠದ ವಿದ್ಯಾಸಂಸ್ಥೆ ಬೆಳೆಯಿತು. ಹೊಳೆನರಸೀಪುರದ ದಾರಿ ಬೇರೆ: ರಾಜಕೀಯ ಬಲವಿದ್ದ ಆ ಊರು ಸರ್ಕಾರಿ ಸಂಸ್ಥೆಗಳನ್ನೇ ತರಿಸಿಕೊಂಡಿತು. ಅಕ್ಕಪಕ್ಕದ ತಾಲ್ಲೂಕುಗಳಲ್ಲೇ ಇಷ್ಟು ವ್ಯತ್ಯಾಸ.

ಅನುದಾನಿತ ಶಾಲೆಯ ಲಕ್ಷಣವೇ ವಿಚಿತ್ರ. ಮೇಷ್ಟರನ್ನು ಆರಿಸುವುದು ಆಡಳಿತ ಮಂಡಳಿ, ಸಂಬಳ ಬರುವುದು ಸರ್ಕಾರದಿಂದ. ಮಕ್ಕಳಿಗೆ ಮಧ್ಯಾಹ್ನದ ಬಿಸಿಯೂಟ ಉಂಟು, 2006ರಲ್ಲಿ ಶುರುವಾದ ಸೈಕಲ್ ಯೋಜನೆಯೂ ಇಲ್ಲಿಗೆ ಬಂತು. ಚಾರ್ಟರ್ ಶಾಲೆಗೆ ಇರುವ ಅವಧಿಯ ಒಪ್ಪಂದ ಮಾತ್ರ ಇಲ್ಲಿಲ್ಲ. ಒಮ್ಮೆ ಅನುದಾನ ಬಂದರೆ ಸಾಮಾನ್ಯವಾಗಿ ಅದು ಬಂದಂತೆಯೇ. ಆದರೆ ಬೊಕ್ಕಸ ಬಿಗಿಯಾದಾಗ ಸರ್ಕಾರ ಬೇರೆ ದಾರಿ ಹಿಡಿಯಿತು. 1987ರ ನಂತರ ಹುಟ್ಟಿದ ಶಾಲೆಗಳಿಗೆ ಅನುದಾನದ ಬಾಗಿಲು ಹೆಚ್ಚುಕಡಿಮೆ ಮುಚ್ಚಿಕೊಂಡಿತು. ಹಳೆಯ ಶಾಲೆಗಳಲ್ಲಿ ನಿವೃತ್ತರಾದವರ ಜಾಗ ತುಂಬಲು ಸರ್ಕಾರದ ಅನುಮತಿಗೆ ಕಾಯಬೇಕಾಯಿತು. ಕನ್ನಡ ಮಾಧ್ಯಮದ ಎಷ್ಟೋ ಒಳ್ಳೆಯ ಶಾಲೆಗಳು ಹೀಗೆ ಸದ್ದಿಲ್ಲದೆ ಸೊರಗಿದವು. ಆ ಜಾಗಕ್ಕೆ ಬಂದದ್ದು ಅನುದಾನ ಕೇಳದ, ಫೀಜಿನ ಮೇಲೆ ನಿಂತ ಇಂಗ್ಲಿಷ್ ಮಾಧ್ಯಮದ ಶಾಲೆಗಳು.

1994ರಲ್ಲಿ ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಬೇಕೆಂದು ಸರ್ಕಾರ ಆದೇಶಿಸಿತು. ಇಪ್ಪತ್ತು ವರ್ಷದ ವ್ಯಾಜ್ಯದ ನಂತರ 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದಿತು. 2019ರಲ್ಲಿ, ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯವರಾದ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದಾಗ, 1000 ಸರ್ಕಾರಿ ಶಾಲೆಗಳಲ್ಲೇ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆಯಲಾಯಿತು. ಆ ಜನವರಿಯಲ್ಲಿ ಧಾರವಾಡದಲ್ಲಿ ನಡೆದ ಸಾಹಿತ್ಯ ಸಮ್ಮೇಳನದಲ್ಲಿ ಅಧ್ಯಕ್ಷ ಚಂದ್ರಶೇಖರ ಕಂಬಾರರು ಇದನ್ನು ವಿರೋಧಿಸಿದ್ದರು. ಮಕ್ಕಳನ್ನು ಉಳಿಸಿಕೊಳ್ಳಲು ಬೇರೆ ದಾರಿಯಿಲ್ಲ ಎಂಬುದು ಸರ್ಕಾರದ ವಾದ.

ಇನ್ನೊಂದು ತಿರುವು ಶಿಕ್ಷಣ ಹಕ್ಕು ಕಾಯಿದೆಯದು. 2009ರ ಈ ಕಾಯಿದೆಯಂತೆ ಖಾಸಗಿ ಶಾಲೆಗಳು ಶೇ 25ರಷ್ಟು ಸೀಟುಗಳನ್ನು ಬಡ ಹಾಗೂ ಹಿಂದುಳಿದ ಮಕ್ಕಳಿಗೆ ಮೀಸಲಿಡಬೇಕು, ಅವರ ವೆಚ್ಚವನ್ನು ಸರ್ಕಾರ ಭರಿಸಬೇಕು. ಕರ್ನಾಟಕದಲ್ಲಿ 2012ರಿಂದ ಇದು ನಡೆಯಿತು. ಕೂಲಿ ಮಾಡುವವರ ಮಕ್ಕಳೂ ಹಳದಿ ವ್ಯಾನು ಹತ್ತಿದರು. ಸರ್ಕಾರ ತನ್ನ ಶಾಲೆಯನ್ನು ಬರಿದು ಮಾಡಲು ತಾನೇ ಹಣ ಕೊಡುತ್ತಿದೆ ಎಂಬ ಟೀಕೆ ಬಂತು. 2019ರಲ್ಲಿ ನಿಯಮ ಬದಲಾಯಿತು: ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯ ಸೀಟಿಗೆ ಸರ್ಕಾರ ದುಡ್ಡು ಕೊಡುವುದಿಲ್ಲ. ಹೈಕೋರ್ಟು ಅದೇ ವರ್ಷ ಇದನ್ನು ಎತ್ತಿಹಿಡಿಯಿತು. ಲಕ್ಷದ ಲೆಕ್ಕದಲ್ಲಿದ್ದ ಸೀಟುಗಳು ಸಾವಿರಗಳಿಗೆ ಇಳಿದವು. ತಮಾಷೆಯೆಂದರೆ, ಹಾಸನ ಜಿಲ್ಲೆ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ರಾಜ್ಯಕ್ಕೇ ಮೊದಲು ಬಂದದ್ದೂ ಅದೇ 2019ರಲ್ಲಿ. ಸರ್ಕಾರಿ, ಅನುದಾನಿತ, ಖಾಸಗಿ ಮೂರೂ ಬಗೆಯ ಶಾಲೆಗಳ ಮಕ್ಕಳು ಆ ಲೆಕ್ಕದಲ್ಲಿದ್ದರು. ಕೀರ್ತಿ ಯಾರಿಗೆ ಸಲ್ಲಬೇಕೆಂದು ಮಾತ್ರ ರಾಜಕೀಯದಲ್ಲಿ ಜೋರಾದ ವಾಗ್ವಾದ ನಡೆಯಿತು.

ಈ ಎಲ್ಲ ವಾದದಲ್ಲಿ ಮಾತು ಕೇಳಿಸದೆ ಹೋದದ್ದು ಮೊದಲ ಪಾಲುದಾರನದು, ಅಂದರೆ ಊರಿನದು. ರಾಜಾ ರಾಮಣ್ಣ ಅಧ್ಯಕ್ಷತೆಯ ಕಾರ್ಯಪಡೆಯ ಸಲಹೆಯಂತೆ 2001ರಲ್ಲಿ ಪ್ರತಿ ಸರ್ಕಾರಿ ಶಾಲೆಗೂ ಪೋಷಕರ ಎಸ್‌ಡಿಎಂಸಿ ಬಂತು. ಆದರೆ ಮೇಷ್ಟರ ನೇಮಕವಾಗಲಿ ವರ್ಗಾವಣೆಯಾಗಲಿ ಅದರ ಕೈಯಲ್ಲಿಲ್ಲ. ಶಾಲೆಗೆ ಮಕ್ಕಳೇ ಇಲ್ಲವಾದಾಗ ಅದು ಪಕ್ಕದ ಶಾಲೆಯೊಂದಿಗೆ ವಿಲೀನವಾಗುತ್ತದೆ, ಕಟ್ಟಡಕ್ಕೆ ಬೀಗ ಬೀಳುತ್ತದೆ. ಹಳೆಯ ಗೌಡರೋ ಶ್ಯಾನುಭೋಗರೋ ಬಾಯಿಮಾತಿನಲ್ಲಿ ಬಿಟ್ಟುಕೊಟ್ಟ ಜಾಗ ಎಷ್ಟೋ ಕಡೆ ಇಲಾಖೆಯ ಹೆಸರಿಗೆ ದಾನಪತ್ರವಾಗಿಲ್ಲ, ಖಾತೆಯೂ ಆಗಿಲ್ಲ. ಬೀಗ ಬಿದ್ದ ಮೇಲೆ ದಾನ ಕೊಟ್ಟವರ ಮೊಮ್ಮಕ್ಕಳು ಪಹಣಿ ಹಿಡಿದು ಬರುತ್ತಾರೆ. ಶಾಲೆಗಳ ಜಾಗವನ್ನು ಖಾತೆ ಮಾಡಿಸಿಕೊಳ್ಳಿ ಎಂದು ಇಲಾಖೆ ಮುಖ್ಯೋಪಾಧ್ಯಾಯರಿಗೆ ಸೂಚನೆ ಕಳಿಸುತ್ತಲೇ ಇದೆ. ಅವರು ಕಾಗದಪತ್ರದ ಕಟ್ಟು ಹಿಡಿದು ತಾಲ್ಲೂಕು ಕಚೇರಿಗೂ ಪಂಚಾಯಿತಿಗೂ ಅಲೆಯುತ್ತಲೇ ಇದ್ದಾರೆ.