ಯಾವೂರಮ್ಮ ನಿಮ್ಮದು?

ಚಳಿ ಶುರುವಾಯಿತೆಂದರೆ ಮೈಸೂರಿನಲ್ಲಿ ಟಿಬೆಟಿಯನ್ನರ ಸ್ವೆಟರ್ ಅಂಗಡಿಗಳು ಏಳುತ್ತವೆ. ಒಂದು ವರ್ಷ ನಾನೂ ಹೆಬ್ಬಾಳದಿಂದ ಬಸ್ಸು ಹಿಡಿದು ಹೋಗಿದ್ದೆ. ಚೌಕಾಸಿಯ ನಡುವೆ, "ಯಾವೂರಮ್ಮ ನಿಮ್ಮದು?" ಎಂದೆ.

"ಬೈಲಕುಪ್ಪೆ, ಮೇಡಂ."

"ಅದಲ್ಲಮ್ಮ, ನಿಜವಾದ ಊರು?" ಎಂದುಬಿಟ್ಟೆ.

ಸ್ವೆಟರ್ ಮಡಿಸುತ್ತಿದ್ದ ಕೈ ಒಂದು ಗಳಿಗೆ ನಿಂತಿತು. "ಹುಟ್ಟಿದ್ದೇ ಅಲ್ಲಿ ಮೇಡಂ, ಎಂಬತ್ತೈದರಲ್ಲಿ. ನಾನು ಓಟು ಹಾಕ್ತೀನಿ. ನನ್ನ ತಮ್ಮ ಹಾಕೋ ಹಾಗಿಲ್ಲ. ಅವನು ಹುಟ್ಟಿದ್ದು ಎಂಬತ್ತೊಂಬತ್ತರಲ್ಲಿ."

ಇಷ್ಟು ವರ್ಷ ಸಮಾಜ ಪಾಠ ಹೇಳಿದ ನನಗೆ ಆ ಲೆಕ್ಕ ಹೊಳೆಯಲಿಲ್ಲ. ಮನೆಗೆ ಬಂದು ಪುಸ್ತಕಗಳನ್ನು ತೆಗೆದು ಕೂತೆ.

1959ರ ಮಾರ್ಚ್‌ನಲ್ಲಿ ದಲೈ ಲಾಮಾ ಗಡಿ ದಾಟಿ ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಬಂದರು. ಅಸ್ಸಾಮಿನ ಮಿಸಾಮಾರಿಯಲ್ಲಿ, ಬಂಗಾಳದ ಬಕ್ಸಾದಲ್ಲಿ ಶಿಬಿರಗಳಾದವು. ಎಷ್ಟೋ ಜನ ಹಿಮಾಲಯದ ರಸ್ತೆ ಕೆಲಸಕ್ಕೆ ಹೋದರು. ಇವರನ್ನು ನೆಲೆಗೊಳಿಸಲು ಜಾಗ ಕೊಡಿ ಎಂದು ನೆಹರೂ ರಾಜ್ಯಗಳನ್ನು ಕೇಳಿದರು. ಅಂದಿನ ನಮ್ಮ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಕಾಡು ಕಡಿದು, ಆನೆಗಳ ಕಾಟ ತಡೆದು, ಜೋಳ ಬೆಳೆದು ಅವರು ಊರು ಕಟ್ಟಿದರು. ಮುಂದೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಕಡೆಯೂ ನೆಲೆಗಳಾದವು.

ನಮ್ಮ ಸಂವಿಧಾನದಲ್ಲಿ ಪೌರತ್ವ, ವಿದೇಶಿಯರ ವಿಷಯ ಕೇಂದ್ರದ ಪಟ್ಟಿಯಲ್ಲಿದೆ. ಭೂಮಿ, ಪೊಲೀಸು ರಾಜ್ಯದ ಪಟ್ಟಿಯಲ್ಲಿ. ಹಾಗಾಗಿ ಬೈಲಕುಪ್ಪೆಯವರು ದಿಲ್ಲಿಯ ಅನುಮತಿಯಿಂದ ಇಲ್ಲಿದ್ದಾರೆ, ಬೆಂಗಳೂರಿನ ನೆಲದಲ್ಲಿ ಉಳುತ್ತಾರೆ, ನೋಂದಣಿ ಪತ್ರಕ್ಕೆ ಜಿಲ್ಲೆಯ ಪೊಲೀಸರ ಮುಂದೆ ನಿಲ್ಲುತ್ತಾರೆ. ಒಳಗಿನ ಆಡಳಿತಕ್ಕೆ ಧರ್ಮಶಾಲೆಯ ಕಚೇರಿ ಬೇರೆ. ನಿರಾಶ್ರಿತರಿಗೆಂದೇ ಒಂದು ಕಾಯ್ದೆ ನಮ್ಮಲ್ಲಿಲ್ಲ. 1951ರ ಅಂತಾರಾಷ್ಟ್ರೀಯ ಒಪ್ಪಂದಕ್ಕೂ ಭಾರತ ಸಹಿ ಹಾಕಿಲ್ಲ. ಕಾನೂನಿನ ಕಣ್ಣಿಗೆ ಅವರು 1946ರ ಕಾಯ್ದೆಯ "ವಿದೇಶಿಯರು". 2025ರಿಂದ ಅದರ ಜಾಗಕ್ಕೆ ಹೊಸ ಕಾಯ್ದೆ ಬಂದಿದೆ. ಪುನರ್ವಸತಿಗೆ ಎಲ್ಲ ರಾಜ್ಯಗಳಿಗೂ ಒಂದೇ ನೀತಿ ಬಂದದ್ದು 2014ರಲ್ಲಿ, ಅಂದರೆ ಐವತ್ತು ವರ್ಷಗಳ ಮೇಲೆ.

ಇನ್ನು ಅಕ್ಕ-ತಮ್ಮನ ಲೆಕ್ಕ. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುಂಚೆ ಭಾರತದಲ್ಲಿ ಹುಟ್ಟಿದವರು, ತಂದೆತಾಯಿ ಯಾರೇ ಇರಲಿ, ಹುಟ್ಟಿನಿಂದಲೇ ಪ್ರಜೆಗಳು. ಆಮೇಲೆ ಹುಟ್ಟಿದವರಿಗೆ ತಂದೆತಾಯಿಯಲ್ಲಿ ಒಬ್ಬರಾದರೂ ಪ್ರಜೆಯಾಗಿರಬೇಕೆಂದಾಯಿತು. ಅವಳ ತಂದೆತಾಯಿ ಇಬ್ಬರೂ ಟಿಬೆಟಿನಲ್ಲಿ ಹುಟ್ಟಿದವರಂತೆ. ಕಾಯ್ದೆಯಲ್ಲಿ ಇದ್ದದ್ದು ಕಚೇರಿಗಳಲ್ಲಿ ನಡೆಯುತ್ತಿರಲಿಲ್ಲ. 2013ರಲ್ಲಿ ನಮ್ಮ ಹೈಕೋರ್ಟು ಹೇಳಬೇಕಾಯಿತು. 2014ರಲ್ಲಿ ಚುನಾವಣಾ ಆಯೋಗ ಇಂಥವರ ಹೆಸರು ಸೇರಿಸಲು ಸೂಚಿಸಿತು. ಹೀಗೆ ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬಳು ಪ್ರಜೆ, ಇನ್ನೊಬ್ಬ ವಿದೇಶಿ.

ಗೋಮಾಳ ಹೋಯಿತು, ಕಾಡು ಹೋಯಿತು ಎನ್ನುವ ಆ ಕಡೆಯ ರೈತರ ಮಾತನ್ನೂ ನಾನು ಕೇಳಿದ್ದೇನೆ. ಅದನ್ನು ಸುಳ್ಳೆನ್ನಲಾರೆ. ಆದರೆ ಆ ನಿರ್ಧಾರ ಮಾಡಿದ್ದು ಸರ್ಕಾರ. ಅದರ ಭಾರ ಹೊತ್ತವರು ಬೇಲಿಯ ಎರಡೂ ಕಡೆಯ ಬಡವರು.

ಗಂಡನ ಮನೆಗೆ ಬಂದು ಮೂವತ್ತು ವರ್ಷ ಕಳೆದ ಮೇಲೂ "ನಿಮ್ಮೂರು ಯಾವುದು?" ಎಂಬ ಪ್ರಶ್ನೆ ನಮಗೂ ತಪ್ಪಿಲ್ಲ. ನಮಗೆ ತೋರಿಸಲು ಒಂದು ತವರಾದರೂ ಇದೆ. ಅವಳಿಗೆ ತವರು, ಊರು, ದೇಶ ಎಲ್ಲವೂ ಬೈಲಕುಪ್ಪೆಯೇ.

ಮರುವರ್ಷ ಅದೇ ಅಂಗಡಿಗೆ ಹೋದೆ. ಊರು ಕೇಳಲಿಲ್ಲ. "ತಮ್ಮ ಹೇಗಿದ್ದಾನಮ್ಮ?" ಎಂದೆ. ನಕ್ಕಳು, ಚೌಕಾಸಿಗೆ ಬಿಡದೆ ತಾನೇ ಇಪ್ಪತ್ತು ರೂಪಾಯಿ ಕಡಿಮೆ ಮಾಡಿದಳು.