ಮಕ್ಕಳ ಪುಸ್ತಕವೂ ಗೆಳೆಯರ ಗೋಷ್ಠಿಯೂ

ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟವೆಂಬುದು ನಮ್ಮ ಭಾಗದ ವಿದ್ಯಾರ್ಥಿಗಳಿಗೆಲ್ಲ ತಿಳಿದ ಸಂಗತಿ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ನಮಗೆ ಉಳಿದುಬಂದಿರುವ ಕನ್ನಡ ಗ್ರಂಥಗಳಲ್ಲಿ ಮೊದಲನೆಯದು. ಅದರಲ್ಲಿ ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಬಣ್ಣಿಸುವ ಪದ್ಯವನ್ನು ಸಭೆ ಸಮಾರಂಭಗಳಲ್ಲಿ ಎಲ್ಲರೂ ಎತ್ತಿ ಹೇಳುತ್ತಾರೆ. ಅದರ ಆಸುಪಾಸಿನಲ್ಲಿಯೇ ಇರುವ ಬೇರೆ ಎರಡು ಮಾತುಗಳ ಕಡೆಗೆ ಅಷ್ಟಾಗಿ ಯಾರ ಗಮನವೂ ಹೋಗುವುದಿಲ್ಲ. ಕಣ್ಣು ತನಗೆ ಹಚ್ಚಿದ ಕಾಡಿಗೆಯನ್ನು ತಾನು ಕಾಣಲಾರದು. ಹಾಗೆಯೇ ಕವಿಯು ಏನು ಮಾಡಿದರೂ ತನ್ನ ದೋಷವನ್ನು ತಾನು ಕಾಣಲಾರನು. ಆದುದರಿಂದ ಕಾವ್ಯವನ್ನು ಬೇರೆಯವರ ಪರಿಶೋಧನೆಗೆ ಒಪ್ಪಿಸಬೇಕು ಎಂಬುದು ಒಂದು. ಈ ನಾಡಿನಲ್ಲಿ ಕಿರಿಯ ಮಕ್ಕಳು ಕೂಡ ಮಾತಿನ ವಿವೇಕವನ್ನು ಬಲ್ಲರು ಎಂಬುದು ಮತ್ತೊಂದು.

ಮಕ್ಕಳಿಗಾಗಿ ಬರೆಯುವವರು ಈ ಎರಡು ಮಾತುಗಳನ್ನು ಜೊತೆಗಿಟ್ಟುಕೊಂಡು ಓದಬೇಕೆಂದು ನನ್ನ ಎಣಿಕೆ. ಬಾಲಸಾಹಿತ್ಯದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಒಬ್ಬೊಬ್ಬ ಕವಿಯ ಪ್ರತಿಭೆಯ ಕಥೆಯಾಗಿ ಹೇಳುತ್ತೇವೆ. ಆದರೆ ಒಳಹೊಕ್ಕು ನೋಡಿದರೆ, ಒಳ್ಳೆಯ ಮಕ್ಕಳ ಪುಸ್ತಕದ ಹಿಂದೆ ಬಹಳ ಸಲ ಇಬ್ಬರು ಪರೀಕ್ಷಕರು ಇರುವುದು ಕಂಡುಬರುತ್ತದೆ. ಅದೇ ಕಸುಬಿನ ಗೆಳೆಯರು ಒಂದು ಕಡೆ, ಎದುರಿಗೆ ಕುಳಿತ ಮಗು ಇನ್ನೊಂದು ಕಡೆ.

ಕಥೆ ಹೇಳುವ ಕೆಲಸವನ್ನು ಹಲವರು ಕೂಡಿ ಮಾಡುವುದು ನಮ್ಮ ನೆಲಕ್ಕೆ ಹೊಸತೂ ಅಲ್ಲ. ಸನ್ನತಿಯ ಚಂದ್ರಲಾಂಬೆಯ ದರ್ಶನಕ್ಕೆ ಬಂದವರು ಸಮೀಪದ ಕನಗನಹಳ್ಳಿಗೂ ಹೋಗಿಬರಬೇಕು. ೧೯೯೪ರಿಂದ ಪುರಾತತ್ತ್ವ ಇಲಾಖೆಯವರು ಅಲ್ಲಿ ಅಗೆದು ತೆಗೆದ ಸ್ತೂಪದ ಸುಣ್ಣಕಲ್ಲಿನ ಹಲಗೆಗಳ ಮೇಲೆ ಜಾತಕ ಕಥೆಗಳನ್ನು ಬಿಡಿಸಿದ್ದಾರೆ. ಚಿತ್ರದೊಡನೆ ಇದು ಇಂಥ ಕಥೆ, ಇವನು ಇಂಥ ಅರಸು ಎಂದು ಬ್ರಾಹ್ಮೀ ಲಿಪಿಯಲ್ಲಿ ಚಿಕ್ಕ ಬರಹ. ಅಶೋಕನ ಹೆಸರನ್ನು ಬರೆದ ಅಶೋಕನ ಚಿತ್ರವೂ ಅಲ್ಲಿಯೇ ದೊರಕಿತು. ಅಷ್ಟು ದೊಡ್ಡ ಸ್ತೂಪವು ಒಂದು ಉಳಿಯ ಕೆಲಸವಲ್ಲ. ಚಿತ್ರವು ಎಷ್ಟು ಹೇಳಬೇಕು, ಬರಹವು ಎಷ್ಟು ಹೇಳಬೇಕು ಎಂದು ಅಲ್ಲಿ ಯಾರೋ ಯಾರನ್ನೋ ಕೇಳಿಯೇ ಇರಬೇಕು. ಇಂದಿನ ಮಕ್ಕಳ ಪುಸ್ತಕದಲ್ಲಿ ಲೇಖಕನಿಗೂ ಚಿತ್ರಗಾರನಿಗೂ ನಡುವೆ ನಡೆಯುವ ಜಗ್ಗಾಟವೂ ಇದೇ ಅಲ್ಲವೆ?

ಆಧುನಿಕ ಕಾಲಕ್ಕೆ ಬಂದರೆ ಮೊದಲು ಮಂಗಳೂರಿನ ಕಡೆಗೆ ನೋಡಬೇಕು. ಪಂಜೆ ಮಂಗೇಶರಾಯರು (೧೮೭೪–೧೯೩೭) ಹುಟ್ಟಿದ್ದು ಬಂಟ್ವಾಳದಲ್ಲಿ. ಅವರು ಉಪಾಧ್ಯಾಯರಾಗಿದ್ದರು, ಶಾಲೆಗಳ ಇನ್ಸ್‌ಪೆಕ್ಟರಾಗಿದ್ದರು, ಮಡಿಕೇರಿಯಲ್ಲಿ ಹೈಸ್ಕೂಲಿನ ಮುಖ್ಯೋಪಾಧ್ಯಾಯರೂ ಆಗಿದ್ದರು. ಬೆನಗಲ್ ರಾಮರಾಯರು ಮಂಗಳೂರಿನಿಂದ ‘ಸುವಾಸಿನಿ’ ಪತ್ರಿಕೆಯನ್ನು ಹೊರಡಿಸಿದಾಗ, ೧೯೦೦ರ ಸುಮಾರಿನಲ್ಲಿಯೇ, ಪಂಜೆಯವರು ಅದಕ್ಕೆ ಸಣ್ಣ ಕಥೆಗಳನ್ನು ಬರೆದರು. ಗೆಳೆಯನ ಪತ್ರಿಕೆಗಾಗಿ ಬರೆಯುವುದರಲ್ಲಿ ಒಂದು ಲಾಭವಿದೆ: ಸಂಪಾದಕನು ಮುಲಾಜಿಲ್ಲದೆ ಗೆರೆ ಎಳೆಯಬಲ್ಲನು, ಲೇಖಕನು ಮುನಿಸಿಕೊಳ್ಳದೆ ತಿದ್ದಿಕೊಳ್ಳಬಲ್ಲನು.

ಮುಂದೆ ೧೯೨೦ರ ದಶಕದಲ್ಲಿ ಪಂಜೆಯವರು ಮಂಗಳೂರಿನಲ್ಲಿ ‘ಬಾಲಸಾಹಿತ್ಯ ಮಂಡಲ’ವನ್ನು ಕಟ್ಟಿದರು. ಆ ಹೆಸರಿನ ಕೊನೆಯ ಪದ ಯೋಚಿಸತಕ್ಕದ್ದು. ಒಬ್ಬರೇ ಪುಸ್ತಕ ಅಚ್ಚು ಹಾಕಿಸುವುದಾಗಿದ್ದರೆ ಗ್ರಂಥಮಾಲೆಯೆಂದು ಕರೆದರೆ ಸಾಕಾಗುತ್ತಿತ್ತು, ಮಂಡಲವೆಂದರೆ ಕೂಟ. ಎಂ. ಎನ್. ಕಾಮತ್, ಉಗ್ರಾಣ ಮಂಗೇಶರಾವ್ ಮೊದಲಾದವರು ಅದೇ ಊರಿನಲ್ಲಿ ಅದೇ ಕಾಲದಲ್ಲಿ ಮಕ್ಕಳಿಗಾಗಿ ಬರೆಯುತ್ತಿದ್ದರು. ಪಂಜೆಯವರು ತಮ್ಮ ಪದ್ಯಗಳಿಗೆ ಹಾಕಿಕೊಂಡ ಹೆಸರು ‘ಕವಿಶಿಷ್ಯ’. ಊರಿಗೆಲ್ಲ ಗುರುಗಳಾಗಿದ್ದವರು ತಮ್ಮನ್ನು ಶಿಷ್ಯನೆಂದು ಕರೆದುಕೊಂಡದ್ದು ಬರಿಯ ವಿನಯವೆಂದು ನನಗೆ ತೋರುವುದಿಲ್ಲ. ಇಂಗ್ಲಿಷ್ ಕವಿ ಬ್ರೌನಿಂಗನು ೧೮೪೨ರಲ್ಲಿ ಪ್ರಕಟಿಸಿದ ಇಲಿಗಳ ಕಥನಕವನವು ಪಂಜೆಯವರ ಕೈಯಲ್ಲಿ ‘ಇಲಿಗಳ ಥಕಥೈ’ ಆಯಿತು. ಕುವೆಂಪು ಅವರ ಕೈಯಲ್ಲಿ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಆಯಿತು. ಎರಡನ್ನೂ ತರಗತಿಯಲ್ಲಿ ಗಟ್ಟಿಯಾಗಿ ಓದಿದ ಉಪಾಧ್ಯಾಯನಿಗೆ ಗೊತ್ತು, ಎರಡರ ಕುಣಿತವೂ ಕನ್ನಡದ ಕುಣಿತವೇ. ಕಿವಿಯಿಂದ ಕಿವಿಗೆ ಹೋಗಿ ಪರೀಕ್ಷೆಯಾಗದ ಪದ್ಯಕ್ಕೆ ಆ ನಡೆ ಬರಲಾರದು.

ಬೆಂಗಳೂರಿನಲ್ಲಿ ಜಿ. ಪಿ. ರಾಜರತ್ನಂ ಅವರಿಗೆ ಪರೀಕ್ಷಕರು ಮಕ್ಕಳೇ ಆದರು. ಚಿಕ್ಕ ಮಕ್ಕಳಿಗೆ ಪಾಠ ಹೇಳುವ ಕೆಲಸದಲ್ಲಿದ್ದಾಗ ಹುಟ್ಟಿದವು ಅವರ ಶಿಶುಗೀತೆಗಳು. ಆ ಪದ್ಯಗಳಲ್ಲಿ ಮಗುವಿನ ಬಾಯಿಗೆ ತೊಡಕಾಗುವ ಒಂದು ಒತ್ತಕ್ಷರವನ್ನು ಹುಡುಕಿ ತೆಗೆಯಲು ಶ್ರಮಪಡಬೇಕಾಗುತ್ತದೆ. ನಮ್ಮಂಥ ಪಂಡಿತ ಪರೀಕ್ಷೆ ಮಾಡಿಕೊಂಡವರು ಮಕ್ಕಳ ಪದ್ಯ ಬರೆಯಹೊರಟರೆ ಆಗುವ ಅನಾಹುತ ಇದಕ್ಕೆ ತದ್ವಿರುದ್ಧ; ಕಂದಪದ್ಯದ ಲಕ್ಷಣ ಸರಿಯಾಗಿರುತ್ತದೆ, ಕಂದನೇ ಓಡಿಹೋಗಿರುತ್ತಾನೆ!

ಬಂಗಾಳದಲ್ಲಿ ಈ ಗೋಷ್ಠಿಯ ಬಲ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಉಪೇಂದ್ರಕಿಶೋರ ರಾಯರು ೧೯೧೩ರಲ್ಲಿ ‘ಸಂದೇಶ್’ ಎಂಬ ಮಕ್ಕಳ ಪತ್ರಿಕೆಯನ್ನು ಆರಂಭಿಸಿದರು. ಅವರ ಮಗ ಸುಕುಮಾರ ರಾಯರು ಕಾಲೇಜಿನ ದಿನಗಳಲ್ಲಿಯೇ ‘ನಾನ್‌ಸೆನ್ಸ್ ಕ್ಲಬ್’ ಎಂಬ ಕೂಟವನ್ನು ಕಟ್ಟಿ ಕೈಬರಹದ ಪತ್ರಿಕೆಯನ್ನು ನಡೆಸಿದವರು. ಮುಂದೆ ಅವರ ‘ಮಂಡೇ ಕ್ಲಬ್ಬಿ’ಗೆ ಕವಿ ಸತ್ಯೇಂದ್ರನಾಥ ದತ್ತ, ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್, ಭಾಷಾಶಾಸ್ತ್ರಜ್ಞ ಸುನೀತಿಕುಮಾರ ಚಟರ್ಜಿ ಇಂಥವರು ಬರುತ್ತಿದ್ದರು. ಅಲ್ಲಿ ತಿಂಡಿಯ ಗದ್ದಲವೂ ಸಾಕಷ್ಟಿತ್ತಾದ್ದರಿಂದ ಅದನ್ನು ಮಂಡಾ ಎಂಬ ಮಿಠಾಯಿಯ ಹೆಸರಿನಿಂದ ತಮಾಷೆ ಮಾಡುತ್ತಿದ್ದರಂತೆ. ಸುಕುಮಾರರು ೧೯೨೩ರಲ್ಲಿ ಮೂವತ್ತೈದು ವರ್ಷದವರಿದ್ದಾಗಲೇ ತೀರಿಕೊಂಡರು. ಕೆಲವೇ ದಿನಗಳ ಮೇಲೆ ‘ಆಬೋಲ್ ತಾಬೋಲ್’ ಹೊರಬಂದಿತು. ಅಸಂಬದ್ಧದಂತೆ ಕಾಣುವ ಅಂಥ ಪದ್ಯಗಳನ್ನು ಬರೆಯುವ ಧೈರ್ಯವು, ಅಸಂಬದ್ಧವನ್ನು ಗಂಭೀರವಾಗಿ ಕೇಳಬಲ್ಲ ಗೆಳೆಯರಿದ್ದಲ್ಲಿ ಮಾತ್ರ ಬರುತ್ತದೆ.

ಹಾಗೆಂದು ಗೆಳೆಯರ ಮಾತೆಲ್ಲ ವೇದವಾಕ್ಯವೆಂದು ಯಾರೂ ತಿಳಿಯಬಾರದು. ಆಕ್ಸ್‌ಫರ್ಡಿನಲ್ಲಿ ಟೋಲ್ಕೀನ್ ಮತ್ತು ಲೂಯಿಸ್ ಎಂಬ ಅಧ್ಯಾಪಕರಿಬ್ಬರು ‘ಇಂಕ್ಲಿಂಗ್ಸ್’ ಎಂಬ ಗೆಳೆಯರ ಬಳಗದಲ್ಲಿ ತಮ್ಮ ತಮ್ಮ ಬರಹವನ್ನು ಓದಿ ಹೇಳುತ್ತಿದ್ದರು. ಟೋಲ್ಕೀನರ ‘ಹಾಬಿಟ್’ ಕಥೆಯ ಹಸ್ತಪ್ರತಿಯನ್ನು ಓದಿ ಲೂಯಿಸ್ ಮೆಚ್ಚಿದರು. ಆದರೆ ಲೂಯಿಸರು ಮಕ್ಕಳಿಗಾಗಿ ಬರೆದ ನಾರ್ನಿಯಾದ ಮೊದಲ ಕಥೆ ಟೋಲ್ಕೀನರಿಗೆ ಹಿಡಿಸಲಿಲ್ಲ. ಬೇರೊಬ್ಬ ಗೆಳೆಯರು ಚೆನ್ನಾಗಿದೆಯೆಂದು ಹೇಳಿದ್ದರಿಂದ ಲೂಯಿಸ್ ಬರೆದು ಮುಗಿಸಿದರು. ೧೯೫೦ರಲ್ಲಿ ಅದು ಪ್ರಕಟವಾಗಿ ಲೋಕದ ಮಕ್ಕಳೆಲ್ಲ ಓದಿದರು. ‘ಹಾಬಿಟ್’ ಪುಸ್ತಕದ ವಿಷಯದಲ್ಲಂತೂ ಪ್ರಕಾಶಕ ಅನ್ವಿನ್ನರು ೧೯೩೬ರಲ್ಲಿ ಹಸ್ತಪ್ರತಿಯನ್ನು ತಮ್ಮ ಹತ್ತು ವರ್ಷದ ಮಗ ರೇನರನ ಕೈಗೆ ಕೊಟ್ಟು ಅಭಿಪ್ರಾಯ ಬರೆಸಿಕೊಂಡರು. ಹುಡುಗನಿಗೆ ದೊರೆತ ಸಂಭಾವನೆ ಒಂದು ಶಿಲಿಂಗ್. ಕವಿರಾಜಮಾರ್ಗಕಾರನು ಹೇಳಿದ ಇಬ್ಬರು ಪರೀಕ್ಷಕರೂ ಇಲ್ಲಿ ಒಂದೇ ಪುಸ್ತಕಕ್ಕೆ ದೊರೆತರು.

ನಮ್ಮ ಹೈದರಾಬಾದು ಕರ್ನಾಟಕಕ್ಕೆ, ಈಗಿನ ಕಲ್ಯಾಣ ಕರ್ನಾಟಕಕ್ಕೆ, ಇಂಥ ಗೋಷ್ಠಿಗಳ ಭಾಗ್ಯ ತಡವಾಗಿ ಒದಗಿತು. ನಿಜಾಮರ ಆಳಿಕೆಯಲ್ಲಿ ಮೇಲಿನ ತರಗತಿಗಳ ವಿದ್ಯೆಯೆಲ್ಲ ಉರ್ದುವಿನಲ್ಲಿ. ಕನ್ನಡದಲ್ಲಿ ಬರೆಯುವವನಿಗೆ ತನ್ನ ಬರಹವನ್ನು ತೋರಿಸಲು ಹತ್ತು ಹರದಾರಿಯೊಳಗೆ ಜೊತೆಗಾರನು ಸಿಕ್ಕುವುದೇ ಕಷ್ಟವಾಗಿದ್ದ ಕಾಲ ಅದು. ಆದರೂ ೧೯೩೪ರಲ್ಲಿ ರಾಯಚೂರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಕೂಡಿದಾಗ ಅಧ್ಯಕ್ಷ ಪೀಠದಲ್ಲಿ ಕುಳಿತವರು ಪಂಜೆಯವರು. ಮಕ್ಕಳ ಕವಿಯೊಬ್ಬರು ಕನ್ನಡದ ಹಿರಿಯ ಸಭೆಗೆ ಅಧ್ಯಕ್ಷರಾದದ್ದು ನಿಜಾಮರ ನೆಲದಲ್ಲಿ ಎಂಬುದನ್ನು ನಾವು ಮರೆಯಬಾರದು. ಅಂದು ಹದಿಹರೆಯದವರಾಗಿದ್ದ ಕೊಪ್ಪಳ ಸೀಮೆಯ ದ್ಯಾಂಪುರದ ಸಿದ್ಧಯ್ಯ ಪುರಾಣಿಕರು (೧೯೧೮–೧೯೯೪) ಮುಂದೆ ಸರ್ಕಾರದ ದೊಡ್ಡ ಹುದ್ದೆಗಳಲ್ಲಿದ್ದುಕೊಂಡೇ ಅಜ್ಜನ ಕೋಲನ್ನು ಕುದುರೆ ಮಾಡಿಕೊಂಡ ಹುಡುಗನ ಪದ್ಯವನ್ನು ಬರೆದರು. ‘ತುಪ್ಪಾ ರೊಟ್ಟಿ ಗೇ ಗೇ ಗೇ’ ಎಂಬ ಶಿಶುಗೀತೆಗಳ ಸಂಗ್ರಹವನ್ನು ಕೊಟ್ಟರು. ೧೯೮೭ರಲ್ಲಿ ಗುಲಬರ್ಗದಲ್ಲಿ ಸಮ್ಮೇಳನ ನಡೆದಾಗ ಅವರೇ ಅಧ್ಯಕ್ಷರು. ೨೦೨೦ರ ಕಲಬುರಗಿ ಸಮ್ಮೇಳನಕ್ಕೆ ಮಕ್ಕಳ ಪದ್ಯ, ಮಕ್ಕಳ ನಾಟಕಗಳನ್ನು ಬರೆದ ಎಚ್. ಎಸ್. ವೆಂಕಟೇಶಮೂರ್ತಿಯವರು ಅಧ್ಯಕ್ಷರಾದರು. ಇಷ್ಟು ಗೌರವ ತೋರಿದ ಸೀಮೆಯಲ್ಲಿ ಮಕ್ಕಳ ಪುಸ್ತಕ ಬರೆಯುವವರು ಮಾತ್ರ ಚೆದರಿಹೋಗಿದ್ದಾರೆ.

ಇದರ ನಷ್ಟ ಮಕ್ಕಳಿಗೆ. ವಾಡಿಯ ಸಿಮೆಂಟು ಕಾರ್ಖಾನೆಯ ಸೈರನ್ನು ಕೇಳಿ ಏಳುವ ಹುಡುಗ, ಶಹಾಬಾದು ಕಲ್ಲಿನ ಮಾಳಿಗೆಯ ಕೆಳಗೆ ಮಲಗುವ ಹುಡುಗಿ, ತೊಗರಿ ರಾಶಿಯ ಕಣದಲ್ಲಿ ಆಡುವ ಕೂಸು ಓದುವ ಕಥೆಗಳಲ್ಲಿ ಅಡಕೆ ತೋಟವಿರುತ್ತದೆ, ಹೆಂಚಿನ ಮನೆಯಿರುತ್ತದೆ. ಅವೂ ಇರಲಿ, ಬೇಡವೆನ್ನುವುದಿಲ್ಲ. ಆದರೆ ಮುತ್ಯಾ, ಆಯಿ ಎಂಬ ಪದಗಳು ಅಚ್ಚಿನಲ್ಲಿ ಬರಬಹುದೆಂದೇ ಗೊತ್ತಿಲ್ಲದೆ ನಮ್ಮ ಮಕ್ಕಳು ಏಳನೆಯ ತರಗತಿ ದಾಟಿಬಿಡುತ್ತಾರೆ. ದಿಲ್ಲಿಯಲ್ಲಿ ಶಂಕರ್ ಅವರು ೧೯೫೭ರಲ್ಲಿ ಚಿಲ್ಡ್ರನ್ಸ್ ಬುಕ್ ಟ್ರಸ್ಟನ್ನು, ೧೯೮೧ರಲ್ಲಿ ಮಕ್ಕಳ ಲೇಖಕರ ಹಾಗೂ ಚಿತ್ರಗಾರರ ಸಂಘವನ್ನು ಸ್ಥಾಪಿಸಿದರು. ಅದೆಲ್ಲ ಒಳ್ಳೆಯ ಕೆಲಸವೇ. ಆದರೆ ಕನಗನಹಳ್ಳಿಯ ಹುಡುಗನಿಗೆ ಯಾವ ಪದ ತಿಳಿಯುತ್ತದೆ, ಯಾವುದು ತಿಳಿಯುವುದಿಲ್ಲ ಎಂಬುದನ್ನು ದಿಲ್ಲಿಯ ಸಂಘ ಹೇಳಲಾರದು.

ಸನ್ನತಿಯ ಸುತ್ತಿನ ನಾವು ಆರೇಳು ಮಂದಿ ಉಪಾಧ್ಯಾಯರು ತಿಂಗಳಿಗೊಂದು ಭಾನುವಾರ ಕೂಡುತ್ತೇವೆ. ನಿಯಮಗಳು ಸ್ವಲ್ಪ. ಬರೆದವರು ತಾವು ಓದಕೂಡದು, ಬೇರೆಯವರು ಓದಬೇಕು. ಏಕೆಂದರೆ ಬರೆದವರು ಮುಗ್ಗರಿಸುವ ಜಾಗದಲ್ಲಿ ದನಿ ಏರಿಸಿ ದಾಟಿಸಿಬಿಡುತ್ತಾರೆ. ಓದುವವನು ಎಲ್ಲಿ ತಡೆದನೋ ಅಲ್ಲಿ ಗುರುತು ಹಾಕಬೇಕು. ಓದು ಮುಗಿಯುವವರೆಗೆ ಬರೆದವರು ಬಾಯಿ ತೆರೆಯಕೂಡದು. ಈ ಕೊನೆಯ ನಿಯಮವೇ ಉಪಾಧ್ಯಾಯರಿಗೆ ಬಲು ಕಠಿಣ.

ಒಮ್ಮೆ ಪಟ್ಟಣದಲ್ಲಿ ಬೆಳೆದ ಗೆಳೆಯರೊಬ್ಬರು ಹಗೇವಿನ ಕಥೆ ಬರೆದು ತಂದರು. ಜೋಳ ತುಂಬಿಡುವ ನೆಲದೊಳಗಿನ ಹಗೇವನ್ನು ಹಳ್ಳಿಯವರು ಬಲ್ಲರು. ಕಣ್ಣಾಮುಚ್ಚಾಲೆಯಲ್ಲಿ ಹುಡುಗನೊಬ್ಬ ಆಗತಾನೆ ಬಾಯಿ ತೆರೆದ ಹಗೇವಿಗೆ ಇಳಿದು ಅಡಗುತ್ತಾನೆ, ಅಲ್ಲಿ ಇಲಿಯೊಂದರ ಸ್ನೇಹವಾಗುತ್ತದೆ. ಭಾಷೆ ತಿಳಿಯಾಗಿತ್ತು, ಹಾಸ್ಯವಿತ್ತು. ನಾನೂ ಒಂದೆರಡು ಕಡೆ ವಿಭಕ್ತಿಪ್ರತ್ಯಯದ ತಕರಾರು ತೆಗೆದು ಸುಮ್ಮನಾದೆ. ಒಕ್ಕಲುತನದ ಮನೆಯಿಂದ ಬಂದ ಇನ್ನೊಬ್ಬರು ಮಾತ್ರ, ‘ಸರ, ಇದನ್ನ ಹುಡುಗರ ಕೈಯಾಗ ಕೊಡಬ್ಯಾಡ್ರಿ’ ಎಂದರು. ಮುಚ್ಚಿಟ್ಟ ಹಗೇವಿನೊಳಗೆ ಕೆಟ್ಟ ಗಾಳಿ ತುಂಬಿರುತ್ತದೆ. ಬಾಯಿ ತೆರೆದ ಕೂಡಲೆ ಇಳಿದವರು ಉಸಿರುಕಟ್ಟಿ ಸತ್ತದ್ದುಂಟು. ಬಹಳ ಹೊತ್ತು ತೆರೆದಿಟ್ಟು, ದೀಪ ಇಳಿಬಿಟ್ಟು ನೋಡಿ, ಆಮೇಲೂ ಹಗ್ಗ ಕಟ್ಟಿಕೊಂಡೇ ದೊಡ್ಡವರು ಇಳಿಯುವುದು ರೂಢಿ. ಬರೆದವರ ಮುಖ ಬಿಳಿಚಿತು.

ಅವರು ಕಥೆಯನ್ನು ಬಿಸಾಡಲಿಲ್ಲ. ಈಗಿನ ಪ್ರತಿಯಲ್ಲಿ ಹುಡುಗನು ಮುತ್ಯಾನ ಜೊತೆಗೆ ಹಗೇವಿನ ಬಾಯಿಂದ ದೂರ ಕುಳಿತು ಕಾಯುತ್ತಾನೆ. ಮುತ್ಯಾ ಕಂದೀಲನ್ನು ಇಳಿಬಿಡುತ್ತಾನೆ, ಅದು ಆರುತ್ತದೆ; ಮತ್ತೆ ಕಾಯುತ್ತಾರೆ. ಇಲಿ ತಾನಾಗಿ ಮೇಲೆ ಬರುತ್ತದೆ. ಆರನೆಯ ತರಗತಿಯಲ್ಲಿ ಓದಿ ಹೇಳಿದಾಗ, ಕಂದೀಲು ಆರಿದಲ್ಲಿ ಮಕ್ಕಳು ಉಸಿರು ಬಿಗಿಹಿಡಿದು ಕುಳಿತರು. ಒಬ್ಬ ಹುಡುಗ ಎದ್ದು, ‘ಹಂಗಾರ ಇಲಿ ಹ್ಯಾಂಗ ಬದುಕಿತ್ರಿ, ಸರ?’ ಎಂದು ಕೇಳಿದ. ಮುಂದಿನ ಭಾನುವಾರದ ಗೋಷ್ಠಿಗೆ ಈಗ ಅದೇ ಪ್ರಶ್ನೆ.